ಹರಿಹರದ ಪೇಪರಿನಲ್ಲಿ ನನ್ನ ಹೆಸರು

ಅಪ್ಪ ಹರಿಹರದಲ್ಲಿ ಪೇಪರ್ ಹಾಕುತ್ತಿದ್ದ. ಬೆಳಕು ಹರಿಯುವ ಮುಂಚೆಯೇ ದಾವಣಗೆರೆ ಕಡೆಯಿಂದ ಬರುವ ವ್ಯಾನು ಬಸ್ ನಿಲ್ದಾಣದ ಎದುರು ಬಂಡಲ್‌ಗಳನ್ನು ಎಸೆದು ಹೋಗುತ್ತಿತ್ತು. ಅವನು ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತು ಪತ್ರಿಕೆಯೊಳಗೆ ಪುರವಣಿ ತೂರಿಸಿ, ಮಡಚಿ, ಮೊಪೆಡ್‌ಗೆ ಹೇರಿಕೊಂಡು ಹೊರಡುತ್ತಿದ್ದ. ಪಕ್ಕದ ಗುತ್ತೂರಿನ ಕೆಲವು ಮನೆಗಳೂ ಅವನ ಲೈನಿಗೇ ಸೇರಿದ್ದವು. ನಾನು ಪತ್ರಿಕೋದ್ಯಮ ಓದುತ್ತೇನೆ ಎಂದಾಗ ಮನೆಯಲ್ಲಿ ಬೇಡ ಎನ್ನದವನು ಅವನೊಬ್ಬನೇ. ಬಿ.ಎಡ್. ಮಾಡಿ ಟೀಚರ್ ಆಗು ಎಂದು ಅವ್ವ ಗೋಗರೆಯುತ್ತಿದ್ದಳು.

"ಓದ್ಲಿ ಬಿಡು. ಇಷ್ಟು ವರ್ಷ ಊರ ಮಂದಿ ಹೆಸ್ರೆಲ್ಲ ಮನಿಮನಿಗೆ ಮುಟ್ಸೀನಿ. ನನ್ ಮಗಳ ಹೆಸ್ರೂ ಒಂದಿನ ಮುಟ್ಸಂಗೆ ಆಗ್ಲಿ," ಎಂದ ಅಪ್ಪ.

ಅದೊಂದೇ ಆಸೆ ಅವನದು. ನಾನು ಟಿ.ವಿ.ಯಲ್ಲಿ ಬರಬೇಕು, ದೊಡ್ಡವರ ಜೊತೆ ಓಡಾಡಬೇಕು ಎಂದೆಲ್ಲ ಅವನಿಗಿರಲಿಲ್ಲ. ಅವನು ಹಂಚುವ ಪೇಪರಿನಲ್ಲಿ ನನ್ನ ಹೆಸರು ಬರಬೇಕು, ಅಷ್ಟೇ.

ದಾವಣಗೆರೆಯಲ್ಲಿ ಡಿಗ್ರಿ ಮುಗಿಸಿ ಬೆಂಗಳೂರಿನ ವಿಶ್ವವಿದ್ಯಾಲಯಕ್ಕೆ ಸೇರಿದೆ. ಮೊದಲ ದಿನ ಮೇಷ್ಟ್ರು ಯಾವ ಯಾವ ಪತ್ರಿಕೆ ಓದುತ್ತೀರಿ ಎಂದು ಕೇಳಿದರೆ ಅರ್ಧ ಕ್ಲಾಸು ಫೋನ್ ಎತ್ತಿ ತೋರಿಸಿತು. ಪೇಪರ್ ಇನ್ನೆಷ್ಟು ದಿನ ಸಾರ್ ಎಂದನೊಬ್ಬ. ಮೇಷ್ಟ್ರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ಹಾಸ್ಟೆಲಿನಲ್ಲಿ ಕೂತು ಯೋಚಿಸಿದರೆ ಆ ಹುಡುಗ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮೂರಿನಲ್ಲಿ ಮನೆಯ ಹಿರಿಯರು ತೀರಿಕೊಂಡರೆ ಹದಿಮೂರು ದಿನ ಕಳೆಯುವಷ್ಟರಲ್ಲಿ, "ಇನ್ನ್ ಪೇಪರ್ ಬ್ಯಾಡ್ರಿ, ಓದೋರೇ ಹೋದ್ರು," ಎನ್ನುತ್ತಿದ್ದರು. ಬೀದಿಯಲ್ಲಿ ಯಾರದಾದರೂ ಮನೆ ಮುಂದೆ ಶಾಮಿಯಾನ ಕಂಡರೆ ಅಪ್ಪನಿಗೆ ಎರಡು ದುಃಖ.

ಓದು ಮುಗಿದ ಮೇಲೆ ಬೆಂಗಳೂರಿನಲ್ಲೇ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಸಿಕ್ಕಿತು. ಕೊಟ್ಟಿದ್ದು ದಾವಣಗೆರೆ ಜಿಲ್ಲೆಯ ಪುಟ. ಅಲ್ಲಿಂದ ಬಂದ ವರದಿಗಳನ್ನು ತಿದ್ದಿ, ತಲೆಬರಹ ಕೊಟ್ಟು, ಪುಟ ಕಟ್ಟುವುದು ನನ್ನ ಕೆಲಸ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಗೋದಾಮಿಗೆ ಬೆಂಕಿ ಬಿದ್ದರೆ ಹೆಸರು ವರದಿಗಾರನದು, ಬೆವರು ನನ್ನದು. ಅಪ್ಪ ಲೈನ್ ಮುಗಿಸಿ ದಿನವೂ ಫೋನ್ ಮಾಡುತ್ತಿದ್ದ.

"ಇವತ್ತು ಯಾವ್ದು ನಿಂದು?"

"ಆ ಪುಟ ಪೂರ್ತಿ ನಂದೇ ಅಪ್ಪಾ."

"ಎಲ್ಲೂ ಹೆಸ್ರೇ ಇಲ್ಲಲ್ಲ?"

"ಡೆಸ್ಕಿನೋರ ಹೆಸ್ರು ಹಾಕಲ್ಲ."

"ಹಂಗಾದ್ರೆ ನೀನೇ ಮಾಡಿದ್ದು ಅಂತ ಮಂದಿಗೆ ಹೆಂಗೆ ಗೊತ್ತಾಗ್ಬೇಕು?"

ಎರಡು ವರ್ಷ ಹೀಗೇ ಹೋಯಿತು. ಅಷ್ಟರಲ್ಲಿ ಅವನ ಮಂಡಿಗಳು ಕೈಕೊಟ್ಟವು. ಯುಗಾದಿಗೆ ಲೈನನ್ನು ಇನ್ನೊಬ್ಬ ಏಜೆಂಟನಿಗೆ ಬಿಟ್ಟುಕೊಡುತ್ತೇನೆ ಎಂದ. ಅಷ್ಟರೊಳಗೆ ನನ್ನ ಹೆಸರು ಬರಲೇಬೇಕಿತ್ತು. ಮುಖ್ಯಸ್ಥರ ಬೆನ್ನು ಬಿದ್ದು, ರಜೆಯ ದಿನಗಳಲ್ಲಿ ಅಲೆದು, ಪಿ.ಜಿ.ಗಳಲ್ಲಿ ಅಡುಗೆ ಮಾಡುವ ಹೆಂಗಸರ ಬಗ್ಗೆ ಒಂದು ವರದಿ ಬರೆದೆ. ಒಪ್ಪಿಕೊಂಡರು. ನಾಳೆ ಐದನೇ ಪುಟ, ನಿನ್ನ ಹೆಸರಿನ ಜೊತೆ ಎಂದರು. ಮಧ್ಯಾಹ್ನವೇ ಅಪ್ಪನಿಗೆ ಫೋನ್ ಮಾಡಿದೆ.

ಮರುದಿನ ಅವನು ಪೇಪರನ್ನು ಗೇಟಿನೊಳಗೆ ಎಸೆಯಲಿಲ್ಲವಂತೆ. ಕಾಂಪೌಂಡಿನಲ್ಲಿ ಯಾರಾದರೂ ಕಂಡರೆ ಮೊಪೆಡ್ ನಿಲ್ಲಿಸಿ, ಕೈಗೇ ಕೊಟ್ಟು, "ಐದನೇ ಪುಟ ನೋಡ್ರಿ, ನಮ್ ಹುಡುಗಿ ಬರ್ದಿದ್ದು," ಎಂದು ಹೇಳಿಕೊಂಡು ಹೋದ. ಅವ್ವನ ಎದುರೇ ಬಿಚ್ಚಬೇಕೆಂದು ತಾನು ಮಾತ್ರ ಬಿಚ್ಚಿ ನೋಡಿರಲಿಲ್ಲ.

ಹರಿಹರಕ್ಕೆ ಹೋದ ಪೇಪರಿನ ಐದನೇ ಪುಟದಲ್ಲಿ ಇದ್ದದ್ದು ಬಡಾವಣೆಯೊಂದರ ಇಡೀ ಪುಟದ ಜಾಹೀರಾತು. ನನ್ನ ವರದಿ ಬೆಂಗಳೂರು ನಗರದ ಆವೃತ್ತಿಯಲ್ಲಷ್ಟೇ ಬಂದಿತ್ತು. ಊರಿಂದೂರಿಗೆ ಪುಟ ಬದಲಾಗುತ್ತದೆ ಎಂಬುದು ಡೆಸ್ಕಿನಲ್ಲಿ ಕೂರುವ ನನಗೆ ಗೊತ್ತಿಲ್ಲದ್ದಲ್ಲ. ಬೆಂಗಳೂರಿನಲ್ಲಿ ಓದಿದ ಸುದ್ದಿ ಇದರಲ್ಲಿ ಯಾಕಿಲ್ಲ ಎಂದು ತಗಾದೆ ತೆಗೆದ ಗಿರಾಕಿಗಳಿಗೆ ಅಪ್ಪನೇ ಎಷ್ಟೋ ಸಲ ಅದನ್ನು ಬಿಡಿಸಿ ಹೇಳಿದ್ದ. ಖುಷಿಯಲ್ಲಿ ಇಬ್ಬರಿಗೂ ಮಂಕು ಕವಿದಿತ್ತು.

ಮಾರನೇ ದಿನ ಒಬ್ಬರು, "ಏನ್ರಿ, ಮಗಳು ಸೈಟ್ ಮಾರಾಕ ನಿಂತಾಳೇನು?" ಎಂದರಂತೆ. ತಮಾಷೆಗೇ ಅಂದದ್ದು. ಅಪ್ಪನೂ ಜೊತೆಗೆ ನಕ್ಕನಂತೆ. ಆಮೇಲೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದು ಅವ್ವ ಹೇಳಿದಳು.

ವಾರದ ರಜೆಗೆ ಬೆಂಗಳೂರಿನ ಪ್ರತಿ ಹಿಡಿದುಕೊಂಡು ಊರಿಗೆ ಹೋದೆ. ಅಪ್ಪ ಕೈ ತೊಳೆದುಕೊಂಡು ಬಂದು, ಕನ್ನಡಕ ಹಾಕಿಕೊಂಡು, ಒಂದಕ್ಷರ ಬಿಡದೆ ಓದಿದ. "ಚೆನ್ನಾಗಿ ಬರ್ದೀಯವ್ವ," ಎಂದ. ಪೇಪರ್ ಮಡಚಿಟ್ಟು, "ಆದ್ರೆ ಇದು ನಾನು ಹಾಕಿದ್ ಪೇಪರಲ್ಲ," ಎಂದ. ವಾಪಸ್ ರೈಲಿನಲ್ಲಿ ದಾವಣಗೆರೆ ಬರುವವರೆಗೂ ನಾನು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಯುಗಾದಿ ಬಂತು. ಲೈನು ಕೈಬಿಟ್ಟಿತು. ಮೊಪೆಡ್ ಮನೆ ಪಕ್ಕದ ಸಂದಿ ಸೇರಿತು.

ಮಳೆಗಾಲದಲ್ಲಿ ಗುತ್ತೂರಿನ ಕಾರ್ಮಿಕರ ಬಗ್ಗೆ ನಾನು ಬರೆದ ವರದಿ ಎಲ್ಲ ಆವೃತ್ತಿಗಳಿಗೂ ಹೋಯಿತು. ಈ ಸಲ ದಾವಣಗೆರೆಯ ಪುಟವನ್ನು ನಾನೇ ಕಣ್ಣಾರೆ ನೋಡಿ, ಖಾತ್ರಿ ಮಾಡಿಕೊಂಡೇ ಅಪ್ಪನಿಗೆ ತಿಳಿಸಿದೆ. ಬೆಳಿಗ್ಗೆ ಅವನ ಫೋನ್ ಬರಲಿಲ್ಲ. ನಾನೇ ಮಾಡಿದಾಗ ಎತ್ತಿದ್ದು ಅವ್ವ.

"ನಸುಕಿನಾಗ್ಲೇ ಎದ್ದು ಬಾಗ್ಲಾಗ ಕುಂತಿದ್ದ. ಹೊಸ ಏಜೆಂಟು ನಮ್ ಮನಿ ಮುಂದೆ ಹಾದು ಹೋಗೇ ಬಿಟ್ಟ," ಎಂದಳು.

ನಮ್ಮ ಮನೆ ಯಾವತ್ತೂ ಯಾವ ಲೈನಿನಲ್ಲೂ ಇರಲಿಲ್ಲ. ಇಷ್ಟು ವರ್ಷ ಪೇಪರ್ ಅಪ್ಪನ ಜೊತೆಗೇ ಮನೆಗೆ ಬರುತ್ತಿತ್ತು. ನಾವೂ ಹಾಕಿಸಿಕೊಳ್ಳಬೇಕು ಎಂಬುದು ಯಾರಿಗೂ ಹೊಳೆದಿರಲಿಲ್ಲ. ಅಪ್ಪ ಕುಂಟುತ್ತಾ ಬಸ್ ನಿಲ್ದಾಣದವರೆಗೆ ಹೋಗಿ ನೋಡಿದ. ಅಲ್ಲಿನ ಅಂಗಡಿಯವರು ಪೇಪರ್ ತರಿಸುವುದನ್ನೇ ಬಿಟ್ಟಿದ್ದರು. ಬರುವ ದಾರಿಯಲ್ಲಿ ಹಳೆಯ ಗಿರಾಕಿಯೊಬ್ಬರ ಮನೆಯ ಗೇಟಿನ ಮುಂದೆ ನಿಂತ. ಅಲ್ಲಿ ಪೇಪರ್ ಬಿದ್ದಿತ್ತು. ರಂಗೋಲಿ ಹಾಕುತ್ತಿದ್ದ ಆ ಮನೆಯವರು ತಲೆಯೆತ್ತಿ, "ಲೈನ್ ಬಿಟ್ರಿ ಅಂದ್ರಲ್ಲ, ಮತ್ತೆ ಬಂದೀರಿ?" ಎಂದು ಕೇಳಿದರಂತೆ.

"ಹಾಕಾಕ ಬಂದಿಲ್ರಿ," ಎಂದನಂತೆ ಅಪ್ಪ. "ಒಂಚೂರು ನೋಡಿ ಕೊಡ್ತೀನಿ."

"ಬೇಗ ಕೊಡ್ರಿ, ನಮ್ಮೋರು ಇನ್ನಾ ನೋಡಿಲ್ಲ," ಎಂದರಂತೆ ಅವರು. ಅಪ್ಪ ಗೇಟಿನ ಹೊರಗೇ ನಿಂತು ನನ್ನ ವರದಿ ಓದಿದ. ಬರೆದದ್ದು ಯಾರೆಂದು ಹೇಳಲಿಲ್ಲ. ಮೊದಲಿನಂತೆಯೇ ಮಡಚಿ, ಅವರ ಕೈಗೆ ಕೊಟ್ಟು ಬಂದ.