ಪುಟ್ಟಲಕ್ಷ್ಮಿಯ ಶನಿವಾರಗಳು

ನಮ್ಮ ಮನೆಯಲ್ಲಿ ಹನ್ನೆರಡು ವರ್ಷ ಇಂಗಿನ ಒಗ್ಗರಣೆ ಬೀಳಲಿಲ್ಲ. ಕುಕ್ಕರ್ ಕೂಗಲಿಲ್ಲ, ಊದುಬತ್ತಿ ಹಚ್ಚಲಿಲ್ಲ. ಟೀವಿಯಲ್ಲಿ ಜನ ಬಾಯಿ ಆಡಿಸುವುದನ್ನು ನೋಡಿದ್ದೇನೆಯೇ ಹೊರತು ಏನು ಹೇಳಿದರೆಂದು ನನಗೆ ಗೊತ್ತಿಲ್ಲ. ಬ್ಯಾಡರಹಳ್ಳಿಯ ನಮ್ಮ ಬೀದಿಯವರು ನಮ್ಮದನ್ನು ‘ಸದ್ದಿಲ್ಲದ ಮನೆ’ ಅನ್ನುತ್ತಿದ್ದರು. ಅನ್ನಲಿ. ತಲೆನೋವು ಅಂದರೆ ಏನೆಂದು ಅವರಿಗೇನು ಗೊತ್ತು? ಅವರದ್ದು ನೆಂಟರು ಬಂದಾಗ ಬರುವ ತಲೆನೋವು, ಒಂದು ಲೋಟ ಕಾಫಿಗೆ ಹೋಗುತ್ತದೆ. ನನ್ನ ಹೆಂಡತಿ ಪುಟ್ಟಲಕ್ಷ್ಮಿಗೆ ಬರುತ್ತಿದ್ದದ್ದು ಬೇರೆಯೇ.

ಅದು ಬಲಗಣ್ಣಿನ ಹಿಂದೆ ಶುರುವಾಗುತ್ತಿತ್ತು. ಅರ್ಧ ಗಂಟೆಯಲ್ಲಿ ಅರ್ಧ ತಲೆಯನ್ನು ಹಿಡಿದುಕೊಳ್ಳುತ್ತಿತ್ತು. ಬೆಳಕು ಆಗದು, ಸದ್ದು ಆಗದು, ವಾಸನೆ ಅಂತೂ ಆಗಲೇ ಆಗದು. ಎರಡು ಸಲ ವಾಂತಿ. ಆಮೇಲೆ ಕಿಟಕಿಗೆ ನನ್ನ ಹಳೇ ಖಾಕಿ ಅಂಗಿ ಸಿಕ್ಕಿಸಿ, ಹಣೆಗೆ ಒದ್ದೆ ಬಟ್ಟೆ ಬಿಗಿದು, ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋಗುತ್ತಿದ್ದೆ. ನಮ್ಮ ಮಗಳು ರಮ್ಯಶ್ರೀ ಪಾಠಗಳನ್ನೆಲ್ಲ ತುಟಿ ಅಲ್ಲಾಡಿಸಿಯೇ ಓದಿ ಪಾಸಾದವಳು.

ನಾನು ಮುನಿರಾಜು. ಸಿಟಿ ಬಸ್ ಡ್ರೈವರ್. ಬ್ಯಾಡರಹಳ್ಳಿಯಿಂದ ಮೆಜೆಸ್ಟಿಕ್ಕಿಗೆ, ಮೆಜೆಸ್ಟಿಕ್ಕಿಂದ ಬ್ಯಾಡರಹಳ್ಳಿಗೆ. ಮಾಗಡಿ ರಸ್ತೆಯಲ್ಲಿ ಎಲ್ಲಿ ಹಳ್ಳವಿದೆ, ಯಾವ ರೋಡ್ ಹಂಪ್‌ಗೆ ಬಣ್ಣ ಬಳಿದಿಲ್ಲ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಪುಟ್ಟಲಕ್ಷ್ಮಿಗೂ ಅದು ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಪ್ರತಿ ಭಾನುವಾರ ಅವಳು ನನ್ನ ಬಸ್ಸು ಹತ್ತುತ್ತಿದ್ದಳು. ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಎಡಗಡೆಯ ಮೊದಲ ಸೀಟಿನಲ್ಲಿ ಕೂತು ಮೆಜೆಸ್ಟಿಕ್‌ವರೆಗೂ ಮಾತಾಡುವುದು, ಅಲ್ಲೊಂದು ಕಾಫಿ ಕುಡಿಯುವುದು, ಅದೇ ಸೀಟಿನಲ್ಲಿ ಕೂತು ವಾಪಸ್ ಬರುತ್ತಾ ಮಾತಾಡುವುದು. ‘ಡ್ರೈವರ್ ಜೊತೆ ಮಾತನಾಡಬಾರದು’ ಅಂತ ಅವಳ ತಲೆಯ ಮೇಲಿನ ಬೋರ್ಡಿನಲ್ಲೇ ಬರೆದಿತ್ತು.

ಒಂದು ಸಲ ಕಾಮಾಕ್ಷಿಪಾಳ್ಯದಲ್ಲಿ ಹತ್ತಿದ ಹಿರಿಯರೊಬ್ಬರು ರೇಗಿದರು. “ಏನಮ್ಮಾ, ಆಗ್ಲಿಂದ ಡ್ರೈವರ್ ತಲೆ ತಿಂತಾ ಇದೀಯಲ್ಲ!”

“ಮನೇಲೂ ತಿಂತೀನಿ ಸಾರ್. ಲೈಸೆನ್ಸ್ ಇದೆ,” ಅಂತ ಕತ್ತಿನ ತಾಳಿ ಎತ್ತಿ ತೋರಿಸಿದಳು. ಇಡೀ ಬಸ್ಸು ನಕ್ಕಿತು. ನಾನು ನಗುವುದಕ್ಕೆ ಹೋಗಿ ಒಂದು ಸ್ಟಾಪ್ ಬಿಟ್ಟೆ.

ಆ ಹೆಂಗಸು ಹನ್ನೆರಡು ವರ್ಷ ನನ್ನ ಬಸ್ಸು ಹತ್ತಲಿಲ್ಲ. ಡೀಸೆಲ್ ವಾಸನೆ, ಹಾರನ್ನು, ಗಾಜಿನ ಮೇಲಿನ ಬಿಸಿಲು. ನೋವು ಇಳಿದ ದಿನ ದಿಂಬಿನಲ್ಲೇ ತಲೆಯಿಟ್ಟು, “ಒಂದ್ ಸಲ ರೀ. ನೀವು ರಿಟೈರ್ ಆಗೋದ್ರೊಳಗೆ ಒಂದೇ ಒಂದ್ ಸಲ ಆ ಸೀಟಲ್ಲಿ ಕೂತ್ಕೊಂಡು ಹೋಗ್ಬೇಕು,” ಅನ್ನುತ್ತಿದ್ದಳು. ಬೇರೆ ಹೆಂಗಸರು ಒಡವೆ ಕೇಳುತ್ತಾರೆ, ಕಾಶಿ ಕೇಳುತ್ತಾರೆ. ಇವಳು ಕೇಳಿದ್ದು ನನ್ನ ಬಸ್ಸಿನ ಸೀಟು. ಅದನ್ನೂ ನನ್ನ ಕೈಯಲ್ಲಿ ಕೊಡಿಸಲು ಆಗುತ್ತಿರಲಿಲ್ಲ.

ತೋರಿಸದ ಕಡೆ ಇಲ್ಲ. ರಾಜಾಜಿನಗರದಲ್ಲಿ ಕನ್ನಡಕ ಹಾಕಿಸಿದೆವು. “ಈಗ ನೋವು ಇನ್ನೂ ಚೆನ್ನಾಗಿ ಕಾಣ್ತಾ ಇದೆ,” ಅಂದಳು. ಒಬ್ಬರು ಮೂಗಿಗೆ ಎಣ್ಣೆ ಬಿಟ್ಟರು. ಬಸವೇಶ್ವರನಗರದಲ್ಲಿ ಒಬ್ಬರು ಸೂಜಿ ಚುಚ್ಚಿದರು. ಕೆಂಗೇರಿಯಿಂದಾಚೆ ಒಬ್ಬರು ನಿಂಬೆಹಣ್ಣು ಇಳಿ ತೆಗೆದು ಮೂರು ದಾರಿ ಕೂಡುವಲ್ಲಿ ಎಸೆಯಿರಿ ಅಂದರು. ಎಸೆದೆವು. ಇದೆಲ್ಲದರ ನಡುವೆ ಮೆಡಿಕಲ್ ಶಾಪಿನ ಮಾತ್ರೆ ಅಂತೂ ನಡೆದೇ ಇತ್ತು, ಮೊದಲು ವಾರಕ್ಕೊಂದು, ಆಮೇಲೆ ದಿನ ಬಿಟ್ಟು ದಿನ. ಕೊನೆಗೆ ತಲೆಯ ಸ್ಕ್ಯಾನ್ ಆಯಿತು. ಎಲ್ಲಾ ನಾರ್ಮಲ್ ಅಂತ ಬಂತು. ಅವತ್ತು ಮನೆಗೆ ಬಂದವಳು ಕೂತು ಅತ್ತಳು.

“ಏನೂ ಇಲ್ಲ ಅಂದ್ರೆ ಸಂತೋಷ ಪಡ್ಬೇಕಲ್ವೇನೇ?” ಅಂದೆ.

“ಏನಾದ್ರೂ ಇದ್ದಿದ್ರೆ ನೀವೆಲ್ಲ ನಂಬ್ತಿದ್ರಿ.”

ಆ ‘ನೀವೆಲ್ಲ’ದಲ್ಲಿ ನಾನೂ ಇದ್ದೆ. ಇಲ್ಲ ಅನ್ನಲಾರೆ. ಒಂದು ಯುಗಾದಿಯ ದಿನ ಹಬ್ಬದ ಅಡುಗೆ ಬಿಟ್ಟು ಮಲಗಿದ್ದಾಗ, “ಹಬ್ಬ ಅಂದ್ರೆ ನಿನಗೆ ಸರಿಯಾಗಿ ಬಂದ್ಬಿಡುತ್ತೆ ನೋಡು,” ಅಂದಿದ್ದೆ. ಅವಳು ಒದ್ದೆ ಬಟ್ಟೆಯನ್ನು ಕಣ್ಣಿನ ಮೇಲೆ ಎಳೆದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಹೋದ ವರ್ಷ ಮಗಳು ಹಟ ಹಿಡಿದು ರಾಜಾಜಿನಗರದ ಒಬ್ಬರು ನರರೋಗದ ಡಾಕ್ಟರ ಹತ್ತಿರ ಕಳಿಸಿದಳು. ಹೆಸರು ಸಿಂಚನಾ. ನೋಡಿದರೆ ನಮ್ಮ ಮಗಳಷ್ಟೇ ವಯಸ್ಸು. ಇವಳೇನು ಮಾಡಿಯಾಳು ಅಂದುಕೊಂಡೆ. ಆದರೆ ಆಯಮ್ಮ ಮೊದಲು ಕೋಣೆಯ ಟ್ಯೂಬ್‌ಲೈಟ್ ಆರಿಸಿದಳು. ಪುಟ್ಟಲಕ್ಷ್ಮಿ ನನ್ನ ಕಡೆ ತಿರುಗಿ ನೋಡಿದಳು. ಹನ್ನೆರಡು ವರ್ಷದಲ್ಲಿ ಯಾವ ಡಾಕ್ಟರೂ ಅವಳಿಗೋಸ್ಕರ ಲೈಟು ಆರಿಸಿರಲಿಲ್ಲ.

ಇದು ಮೈಗ್ರೇನ್, ತಾಯಿ ಕಡೆಯಿಂದ ಬಂದಿರಬಹುದು, ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಆದರೆ ನೋವು ನಿಜ ಅಂದಳು. ಪುಟ್ಟಲಕ್ಷ್ಮಿಯ ಅವ್ವನೂ ತಲೆಗೆ ಬಟ್ಟೆ ಬಿಗಿದೇ ಬದುಕಿದವಳು. ಆಮೇಲೆ ಡಾಕ್ಟರು ಒಂದೊಂದಾಗಿ ಕೇಳಿದಳು. ನಿದ್ದೆ ಎಷ್ಟು, ನೀರು ಎಷ್ಟು, ಮಾತ್ರೆ ಎಷ್ಟು.

“ಊಟ ತಿಂಡಿ ಬಿಡೋದು ಏನಾದ್ರೂ ಇದೆಯಾ?”

“ಅಯ್ಯೋ, ಇಲ್ಲ ಡಾಕ್ಟ್ರೇ. ಊಟ ಯಾಕೆ ಬಿಡ್ಲಿ?”

ಪಕ್ಕದಲ್ಲಿ ಕೂತಿದ್ದ ನಾನೂ ಹೌದೌದು ಅಂತ ತಲೆ ಆಡಿಸಿದೆ. ನಾವಿಬ್ಬರೂ ಸುಳ್ಳು ಹೇಳಿರಲಿಲ್ಲ. ನಮಗೆ ಹೊಳೆಯಲೇ ಇಲ್ಲ, ಅಷ್ಟೇ.

ನೋವು ಬಂದ ದಿನ ಬರೆದಿಡಲು ಡಾಕ್ಟರು ಒಂದು ಪುಸ್ತಕ ಕೊಟ್ಟಿದ್ದಳು. ಪುಟ್ಟಲಕ್ಷ್ಮಿ ಅದನ್ನು ಬೀರುವಿನಲ್ಲಿಟ್ಟು, ಗೋಡೆಯ ಕ್ಯಾಲೆಂಡರಿನಲ್ಲೇ ಬೊಟ್ಟಿಡಲು ಶುರು ಮಾಡಿದಳು. ಹಾಲಿನವನು ಬಾರದ ದಿನಕ್ಕೆ ಗೀಟು, ನೋವಿನ ದಿನಕ್ಕೆ ಕುಂಕುಮದ ಬೊಟ್ಟು. ಮೂರು ತಿಂಗಳ ಮೇಲೆ ಆ ಕ್ಯಾಲೆಂಡರನ್ನೇ ಸುರುಳಿ ಸುತ್ತಿ ತೆಗೆದುಕೊಂಡು ಹೋದೆವು. ಡಾಕ್ಟರು ಮೇಜಿನ ಮೇಲೆ ಬಿಡಿಸಿ, ಮೂಲೆಗೆ ಪೇಪರ್‌ವೇಟ್ ಇಟ್ಟು, ಸಾಲು ಸಾಲಾಗಿ ಬೆರಳಿಟ್ಟು ನೋಡಿದಳು. ಬೊಟ್ಟುಗಳು ಅಲ್ಲಲ್ಲಿ ಚೆಲ್ಲಿದ್ದವು ನಿಜ. ಆದರೆ ಸೋಮವಾರದ ಸಾಲೂ ಶನಿವಾರದ ಸಾಲೂ ಮೇಲಿಂದ ಕೆಳಗಿನವರೆಗೆ ಕೆಂಪಗಿದ್ದವು. ಶನಿವಾರ ಬಂದದ್ದು ಭಾನುವಾರಕ್ಕೂ ಎಳೆದಿತ್ತು.

“ಸೋಮವಾರ, ಶನಿವಾರ ಮನೇಲಿ ಏನಮ್ಮಾ ವಿಶೇಷ?”

“ಏನಿಲ್ಲ. ಒಪ್ಪೊತ್ತು ಇರ್ತೀನಿ, ಅಷ್ಟೇ.”

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಬೆಳಿಗ್ಗೆ ಸ್ನಾನ, ಪೂಜೆ. ಇಡೀ ದಿನ ನೀರು, ಎರಡು ಲೋಟ ಕಾಫಿ. ಸಂಜೆ ದೀಪ ಹಚ್ಚಿದ ಮೇಲೆ ಒಂದು ಹೊತ್ತಿನ ಊಟ. ನಮ್ಮ ಕಡೆ ಮನೆಗೊಬ್ಬರು ಒಪ್ಪೊತ್ತು ಇರುತ್ತಾರೆ. ಅದನ್ನು ಊಟ ಬಿಡುವುದು ಅಂತ ಯಾರಾದರೂ ಅನ್ನುತ್ತಾರೆಯೇ? ಅದು ದೇವರ ಲೆಕ್ಕ. ಡಾಕ್ಟರಿಗೆ ಹೇಳುವ ವಿಷಯವೇ ಅಲ್ಲ.

“ಕೆಲವರ ತಲೆ ಹಸಿವು ತಡೆಯುತ್ತೆ, ನಿಮ್ಮದು ತಡೆಯಲ್ಲ,” ಅಂದಳು ಡಾಕ್ಟರು. “ನಮ್ಮಜ್ಜಿನೂ ಒಪ್ಪೊತ್ತು ಇರ್ತಿದ್ರು, ನಂಗೆ ಗೊತ್ತು. ಆದ್ರೆ ನೀವು ಹೊತ್ತು ಹೊತ್ತಿಗೆ ತಿನ್ಬೇಕು. ಆ ನೋವಿನ ಮಾತ್ರೆನೂ ಕಡಿಮೆ ಮಾಡ್ಬೇಕು. ಅಷ್ಟೊಂದು ತಗೊಂಡ್ರೆ ಅದೇ ತಲೆನೋವು ತರುತ್ತೆ.” ದಿನಾ ರಾತ್ರಿಗೆ ಒಂದು ಸಣ್ಣ ಮಾತ್ರೆ ಬರೆದುಕೊಟ್ಟಳು. ಪೂರ್ತಿ ಹೋಗುತ್ತದೆ ಅಂತ ಮಾತು ಕೊಡಲ್ಲ, ಅರ್ಧಕ್ಕರ್ಧ ಇಳಿಸೋಣ ಅಂದಳು.

ಸೋಮವಾರದ್ದನ್ನು ಪುಟ್ಟಲಕ್ಷ್ಮಿ ಅವತ್ತೇ ಬಿಟ್ಟಳು. ಅದನ್ನು ಹಿಡಿದದ್ದೇ ತಲೆನೋವು ಹೋಗಲಿ ಅಂತ. “ಶಿವ ಶಿವಾ, ನೋವು ಹೋಗ್ಲಿ ಅಂತ ನೋವನ್ನೇ ಕರೀತಿದ್ನಲ್ಲ,” ಅಂತ ಆಟೋದಲ್ಲಿ ನಕ್ಕಳು ಕೂಡ. ಶನಿವಾರದ ಮಾತೆತ್ತಿದರೆ ಮಾತ್ರ ತುಟಿ ಬಿಗಿ. ಒಂದು ವಾರ ನೋಡಿದೆ, ಎರಡು ವಾರ ನೋಡಿದೆ. ಮೂರನೇ ಶನಿವಾರ ಮತ್ತೆ ಕಿಟಕಿಗೆ ಖಾಕಿ ಅಂಗಿ ಏರಿದಾಗ ನನಗೆ ಸಿಟ್ಟು ಬಂತು. ನೋವು ಇಳಿಯುವವರೆಗೆ ಕಾದು, ಆಮೇಲೆ ಕೂಗಾಡಿದೆ. ಸದ್ದಿಲ್ಲದ ಮನೆಯಲ್ಲಿ ಸಿಟ್ಟಿನಲ್ಲೂ ಮೆಲ್ಲಗೇ ಕೂಗಾಡಬೇಕು.

“ತಿಮ್ಮಪ್ಪ ಏನು ನಿನ್ನ ಹೊಟ್ಟೆ ಮೇಲೆ ಕೂತಿದಾನೇನೇ? ಯಾಕೆ ಬಿಡಲ್ಲ?”

“ಅದು ನಂದಲ್ಲ. ನಿಮ್ದು.”

ಆಗ ಹೇಳಿದಳು. ಹದಿಮೂರು ವರ್ಷದ ಹಿಂದೆ ಸುಂಕದಕಟ್ಟೆಯಲ್ಲಿ ಸೊಪ್ಪಿನ ಬುಟ್ಟಿ ಹೊತ್ತ ಒಬ್ಬ ಅಜ್ಜಿ ನನ್ನ ಬಸ್ಸಿಗೆ ಅಡ್ಡ ಬಂದಿದ್ದಳು. ಬ್ರೇಕ್ ಹಿಡಿದೆ. ಬಸ್ಸು ನಿಂತಾಗ ಅಜ್ಜಿಗೂ ಬಂಪರಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಸೊಪ್ಪು ರಸ್ತೆ ತುಂಬಾ ಚೆಲ್ಲಿತ್ತು. ಅಜ್ಜಿ ನನ್ನನ್ನು ಬೈದುಕೊಂಡು ಹೋದಳು. ಮನೆಗೆ ಬಂದ ಮೇಲೆ ನನಗೆ ಎರಡು ದಿನ ಅನ್ನ ಇಳಿಯಲಿಲ್ಲ. ಮೂರನೇ ದಿನ ನಾನು ಮರೆತೆ. ಅವಳು ಮರೆಯಲಿಲ್ಲ. ‘ಇವರ ಕೈಯಲ್ಲಿ ಸ್ಟೇರಿಂಗ್ ಇರೋ ತನಕ ಶನಿವಾರ ಒಪ್ಪೊತ್ತು ಇರ್ತೀನಪ್ಪಾ, ಯಾರ ಜೀವಕ್ಕೂ ಇವರು ಕಾರಣ ಆಗೋದು ಬೇಡ’ ಅಂತ ಬಾಗಿಲಲ್ಲೇ ನಿಂತು ಹರಕೆ ಹೊತ್ತಿದ್ದಳು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬರುತ್ತಿದ್ದ ತಲೆನೋವು ಅಲ್ಲಿಂದ ಮುಂದೆ ವಾರ ವಾರ ಬರಲು ಶುರುವಾಯಿತು. ನಾವು ಯಾರೂ ಎರಡಕ್ಕೂ ಗಂಟು ಹಾಕಿ ನೋಡಿರಲಿಲ್ಲ.

“ಬಸ್ಸು ಓಡ್ಸೋದು ನಾನು ಕಣೇ! ನಿನ್ನ ಹೊಟ್ಟೆಯಲ್ಲ!”

“ಹದಿಮೂರು ವರ್ಷದಲ್ಲಿ ಒಂದ್ ಕೋಳಿಗೂ ತಾಗ್ಸಿಲ್ಲ. ಅದು ಬರೀ ನಿಮ್ಮ ಕೈಚಳಕ ಅನ್ಕೊಂಡಿದೀರಾ?”

ಗೋಡೆಯ ಮೇಲೆ ನನ್ನ ಪದಕವಿತ್ತು, ಅಪಘಾತವಿಲ್ಲದೆ ಓಡಿಸಿದ್ದಕ್ಕೆ ಕೊಟ್ಟದ್ದು. ಅದರ ಮುಂದೆ ನಿಂತು ಎಷ್ಟು ಸಲ ಮೀಸೆ ತಿರುವಿದ್ದೆ! ಅವತ್ತು ಅದರ ಕಡೆ ನೋಡಲು ನಾಚಿಕೆಯಾಯಿತು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಉಣ್ಣುವುದೇ ಜಗಳವಾದರೆ ಏನು ಮಾಡುವುದು? ಮಗಳು ಬೇಡಿಕೊಂಡಳು, ಆಗಲಿಲ್ಲ. ಆಂಜನೇಯನ ಗುಡಿಯ ಪೂಜಾರಪ್ಪನನ್ನು ಕೇಳಿದೆ. “ಮಾತು ಕೊಟ್ಟಿರೋದು ಸ್ಟೇರಿಂಗ್ ಇರೋ ತನಕ. ಸ್ಟೇರಿಂಗ್ ಬಿಟ್ಟ ದಿನ ಹರಕೆ ತೀರ್ತು,” ಅಂದ. ನನಗೆ ರಿಟೈರ್ ಆಗಲು ಇನ್ನೂ ಎರಡು ವರ್ಷ ನಾಲ್ಕು ತಿಂಗಳಿತ್ತು. ನೂರಿಪ್ಪತ್ತು ಶನಿವಾರ. ಅವಳು ತಡೆದುಕೊಳ್ಳುತ್ತೇನೆ ಅನ್ನುತ್ತಿದ್ದಳು. ನನಗೆ ಆಗಲಿಲ್ಲ.

ಒಂದು ಮಂಗಳವಾರ ಡಿಪೋಗೆ ಹೋಗಿ ಸ್ಟೇರಿಂಗ್ ಬೇಡ ಅಂತ ಬರೆದುಕೊಟ್ಟೆ. ಗೇಟಿನಲ್ಲಿ ಸ್ಟೂಲು ಹಾಕಿಕೊಂಡು ಒಳಗೆ ಬರುವ, ಹೊರಗೆ ಹೋಗುವ ಬಸ್ಸಿನ ನಂಬರು ಬರೆಯುವ ಕೆಲಸ ಸಿಕ್ಕಿತು. “ಏನ್ ಮುನಿರಾಜಣ್ಣ, ಕಣ್ಣು ಕೈ ಕೊಡ್ತಾ?” ಅಂತ ಹುಡುಗರು ಕಿಚಾಯಿಸಿದರು. ಹೌದು ಅಂದೆ. ನನ್ನ ಬಸ್ಸನ್ನು ಮಹೇಶ್ ಅನ್ನುವವನಿಗೆ ಕೊಟ್ಟರು. ಕೆಲಸಕ್ಕೆ ಸೇರಿದಾಗ ನನ್ನ ಹತ್ತಿರವೇ ಕಲಿತವನು. ಅವನು ಮೊದಲ ದಿನ ಗೇಟು ದಾಟಿದಾಗ ನಂಬರು ಬರೆಯುವ ಮೊದಲು ಎರಡು ಸಲ ಕಣ್ಣೊರೆಸಿಕೊಂಡೆ.

ಮನೆಗೆ ಬಂದು ಹೇಳಿದೆ. ಖುಷಿ ಪಡುತ್ತಾಳೆ ಅಂದುಕೊಂಡಿದ್ದೆ. ಪುಟ್ಟಲಕ್ಷ್ಮಿ ನಿಂತಲ್ಲೇ ನಿಂತಳು.

“ಹಾಗಾದ್ರೆ ನನ್ನ ಸೀಟು ಹೋಯ್ತಲ್ಲ ರೀ,” ಅಂದಳು.

ಅದು ನನ್ನ ತಲೆಗೆ ಹೋಗಿರಲೇ ಇಲ್ಲ. ಆ ಶನಿವಾರ ಅವಳು ಬೆಳಿಗ್ಗೆ ಎರಡು ಇಡ್ಲಿ ತಿಂದಳು, ಕಳ್ಳತನ ಮಾಡುವವಳ ಹಾಗೆ ದೇವರ ಮನೆಗೆ ಬೆನ್ನು ಹಾಕಿ.

ಪವಾಡವೇನೂ ಆಗಲಿಲ್ಲ. ನೋವಿನ ಮಾತ್ರೆ ಕಡಿಮೆ ಮಾಡಿದ ಮೊದಲ ಹದಿನೈದು ದಿನ ಮೊದಲಿಗಿಂತ ಕಷ್ಟಪಟ್ಟಳು. ಆಮೇಲೆ ಕ್ಯಾಲೆಂಡರಿನ ಬೊಟ್ಟುಗಳು ತೆಳುವಾದವು. ತಿಂಗಳಿಗೆ ಹದಿನೇಳು ಇದ್ದದ್ದು ಹತ್ತಾಯಿತು, ಈಗ ನಾಲ್ಕೋ ಐದೋ. ಬಂದಾಗ ಈಗಲೂ ಖಾಕಿ ಅಂಗಿ ಕಿಟಕಿಗೆ ಏರುತ್ತದೆ. ಆದರೆ ಹೋದ ತಿಂಗಳು ಒಂದು ಬೆಳಿಗ್ಗೆ ಅಡುಗೆಮನೆಯಿಂದ ಸಾಸಿವೆ ಸಿಡಿದ ಸದ್ದು ಬಂತು, ಹಿಂದೆಯೇ ಇಂಗಿನ ವಾಸನೆ. ನಾನು ಹಾಸಿಗೆಯಲ್ಲಿ ಅಲ್ಲಾಡದೆ ಮಲಗಿದ್ದೆ, ಎದ್ದರೆ ಎಲ್ಲಿ ನಿಂತುಬಿಡುತ್ತದೋ ಅಂತ.

ಅವತ್ತೂ ಶನಿವಾರ. ನನಗೆ ರಜೆಯಿತ್ತು. “ನಡೀರಿ, ಮೆಜೆಸ್ಟಿಕ್‌ಗೆ ಹೋಗ್ಬರೋಣ,” ಅಂದಳು. ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟೆವು. ಮೂರನೆಯದು ಮಹೇಶನದು. ಎಡಗಡೆಯ ಮೊದಲ ಸೀಟು ಖಾಲಿಯಿತ್ತು. ಅವಳು ಕೂತಳು. ಮುಂದಿನ ಸೀಟು ಹೆಂಗಸರದ್ದು, ನಾನು ಪಕ್ಕದಲ್ಲಿ ಕಂಬ ಹಿಡಿದು ನಿಂತೆ. ಮಹೇಶ್, “ಅಣ್ಣಾ, ಅಕ್ಕಾ!” ಅಂತ ಹಲ್ಲು ಕಿರಿದ.

ಅಂಜನಾನಗರ ದಾಟಿತು, ಸುಂಕದಕಟ್ಟೆ ದಾಟಿತು. ಅವಳು ಒಂದು ಮಾತೂ ಆಡಲಿಲ್ಲ. ಸ್ಟೇರಿಂಗಿನ ಮೇಲಿದ್ದ ಮಹೇಶನ ಕೈಗಳನ್ನೇ ನೋಡುತ್ತಿದ್ದಳು. ಅವಳಿಗೆ ತಲೆನೋವು ಬಿಟ್ಟಿತ್ತು, ಸೀಟೂ ಸಿಕ್ಕಿತ್ತು, ಮಾತಾಡಲು ಡ್ರೈವರ್ ಮಾತ್ರ ನಾನಾಗಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

ಸುಮನಹಳ್ಳಿ ಹತ್ತಿರ ಒಂದು ಬೈಕು ಅಡ್ಡ ಬಂತು. ಮಹೇಶ್ ಬ್ರೇಕ್ ಹಾಕಿದ. ಅವನಿಗಿಂತ ಮೊದಲು ನನ್ನ ಬಲಗಾಲು ಬಸ್ಸಿನ ತಳವನ್ನು ಒತ್ತಿ ಹಿಡಿದಿತ್ತು. ಬಸ್ಸು ನಿಂತಿತು, ಮತ್ತೆ ಹೊರಟಿತು, ನನ್ನ ಕಾಲು ಮಾತ್ರ ಒತ್ತಿಕೊಂಡೇ ಇತ್ತು. ಪುಟ್ಟಲಕ್ಷ್ಮಿ ಅದನ್ನು ನೋಡಿದಳು. ಚಪ್ಪಲಿ ಕಳಚಿ, ತನ್ನ ಪಾದವನ್ನು ಮೆಲ್ಲಗೆ ನನ್ನ ಪಾದದ ಮೇಲಿಟ್ಟಳು.

“ಸಾಕು ಬಿಡ್ರೀ,” ಅಂದಳು. “ಬ್ರೇಕ್ ಹಿಡಿದಿದ್ದು ಸಾಕು.”

ಆಮೇಲೆ ಚೀಲದಿಂದ ಡಬ್ಬಿ ತೆಗೆದಳು. ಬೆಳಿಗ್ಗೆ ಒಗ್ಗರಣೆ ಹಾಕಿದ್ದ ಮೊಸರನ್ನ. ಗಂಟೆ ಹನ್ನೊಂದಾಗಿತ್ತು. ಶನಿವಾರದ ಬಿಸಿಲು ಗಾಜಿನಿಂದ ನೇರ ಅವಳ ಮುಖದ ಮೇಲೆ ಬೀಳುತ್ತಿತ್ತು. ಕಣ್ಣು ಸ್ವಲ್ಪ ಕಿರಿದು ಮಾಡಿಕೊಂಡು ಅವಳು ತಿನ್ನುತ್ತಾ ಹೋದಳು. ಮೆಜೆಸ್ಟಿಕ್ ಬರುವವರೆಗೂ ನಾನು ಪಕ್ಕದಲ್ಲಿ ನಿಂತು ನೋಡಿದೆ.