ದೂರು ಬಾರದ ಆವೃತ್ತಿ

ಕೋಡಿನ ತುಂಡುಗಳನ್ನು ಜೋಡಿಸಿ ಓಡುವ ಪ್ರೋಗ್ರಾಂ ಮಾಡಿಕೊಡುವ ಉಚಿತ ಸಾಧನವೊಂದನ್ನು ಹಲವರು ಸೇರಿ ಕಟ್ಟುತ್ತಿದ್ದೇವೆ. ಹೊಸ ಆವೃತ್ತಿ ಹೊರಬೀಳುವ ಮೊದಲು ಅದರ ಪ್ರಾಯೋಗಿಕ ಪ್ರತಿಯನ್ನು ನಮ್ಮ ಕಡೆಯ ಬಳಕೆದಾರರಿಗೆ ಕಳಿಸಿ, ದೂರುಗಳನ್ನು ಒಟ್ಟುಮಾಡುವುದು ಮಡಕಶಿರದ ಶಾಲೆಯಲ್ಲಿ ಪಾಠ ಹೇಳುವ ನನ್ನ ಪಾಲಿನ ಕೆಲಸ.

ಈ ಸಲ ಒಂದೂ ದೂರು ಬರಲಿಲ್ಲ. ನಮ್ಮ ಮನೆ ಯಜಮಾನರು ತೀರಿಕೊಂಡು ತಿಂಗಳಾಗಿತ್ತು. ಇದೊಂದಾದರೂ ಸರಿಹೋಯಿತಲ್ಲ ಎಂದು ಮರುದಿನದ ಬಿಡುಗಡೆಗೆ ಒಪ್ಪಿಗೆ ಕೊಟ್ಟು, ಶಾಲೆಯ ಕೆಲಸದ ಮೇಲೆ ರಾಯದುರ್ಗಕ್ಕೆ ಹೋದೆ. ಅಲ್ಲಿ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಬಸವರಾಜ ನಮ್ಮ ಬಳಕೆದಾರರಲ್ಲೊಬ್ಬರು. ಮಾತಾಡಿಸಲು ಹೋದರೆ ಅವರ ಪರದೆಯ ತುಂಬ ಕೆಂಪು ಅಕ್ಷರ.

“ಇದೇನು?”

“ನಿಮ್ಮ ಹೊಸದು ಹಾಕಿದಾಗಿಂದ ಹಿಂಗ ಐತ್ರಿ. ಬಟ್ಟಿ ಕತ್ತರಿಸೋ ಮಷಿನ್ನಿನ ಪ್ರೋಗ್ರಾಂ ನಿಮ್ಮದರಾಗೇ ಜೋಡಿಸೋದು; ನಾಳೆ ಎಲ್ಲಾ ಕಂಪ್ಯೂಟರಿಗೂ ಬಂದ್ರ ನಮ್ಮ ಕಟಿಂಗೇ ನಿಲ್ತೈತಿ.”

“ಮತ್ತೆ ಯಾಕೆ ಹೇಳಲಿಲ್ಲ?”

ಅವರು ತಲೆ ತಗ್ಗಿಸಿದರು. “ಸಾವಾದ ಮನಿಗೆ ದೂರು ಹೊತ್ಕೊಂಡು ಬರ್ತಾರೇನ್ರಿ ಮೇಡಂ? ನಿಮ್ಮದನ್ನ ಬಳಸೋ ಅಮರಾಪುರದವರೂ ಹಂಗೇ ಅಂದ್ರು. ಸುಮ್ನಿರೋಣ ಅಂತ ಎಲ್ಲಾರೂ ಮಾತಾಡ್ಕೊಂಡ್ವಿ.”

ಕನಿಕರದಿಂದ ಇಡೀ ಬಳಗವೇ ಬಾಯಿ ಮುಚ್ಚಿಕೊಂಡು ಕೂತಿತ್ತು. ಅಲ್ಲೇ ನಿಂತು ಬಿಡುಗಡೆ ತಡೆಸಿದೆ. ಎಲ್ಲರಿಗೂ ಬರೆದೆ: “ನಮ್ಮ ಮನೆಯ ಸೂತಕ ಕಳೆದಿದೆ. ದಯವಿಟ್ಟು ದೂರು ಕಳಿಸಿ.”

ಮಡಕಶಿರಕ್ಕೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಫೋನು ಸದ್ದು ಮಾಡುತ್ತಲೇ ಇತ್ತು. ಪ್ರತಿ ದೂರೂ ಯಜಮಾನರನ್ನು ನೆನೆದೇ ಶುರುವಾಗುತ್ತಿತ್ತು. ನನಗೆ ಬಂದ ಸಂತಾಪಗಳಲ್ಲಿ, ತಪ್ಪು ಕೋಡಿನ ಎಷ್ಟನೇ ಸಾಲಿನಲ್ಲಿದೆ ಎಂದೂ ತಿಳಿಸಿದ್ದು ಇವು ಮಾತ್ರ.