ಮಾಲೀಕರ ಓಕೆ

ನಮ್ಮ ಮನೆ ಮಾಲೀಕರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ವಿಮಾನಪುರದ ಕಡೆ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ತಪಾಸಣೆ ಮಾಡಿ ನಿವೃತ್ತರಾದವರು. ಆ ಹೆಬ್ಬೆರಳು ಆಡಿಸದೆ ಯಾವುದನ್ನೂ ನಂಬುತ್ತಿರಲಿಲ್ಲ. ಹೊಸ ಬಕೆಟ್ಟಿನ ಅಂಚು, ಗೇಟಿನ ಬಣ್ಣ, ಕಲಬುರಗಿಯಿಂದ ಅವರ ಕೆಳಗಿನ ಮನೆಗೆ ಬಾಡಿಗೆಗೆ ಬಂದ ನಾನು ತಟ್ಟಿದ ಜೋಳದ ರೊಟ್ಟಿ, ಎಲ್ಲಕ್ಕೂ ಪರೀಕ್ಷೆ. ಪಾಸಾದರೆ ‘ಓಕೆ’. ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. “ಅಂಚು ದಪ್ಪ ಕಣಮ್ಮ, ರಿಜೆಕ್ಟು” ಎನ್ನುತ್ತಲೇ ತಟ್ಟೆ ಖಾಲಿ ಮಾಡುತ್ತಿದ್ದರು.

ಹೋದ ವರ್ಷ ಪಾರ್ಶ್ವವಾಯು ಬಡಿದು ಅವರ ಬಲಭಾಗ ಬಿದ್ದುಹೋಯಿತು, ಮಾತೂ ಹೋಯಿತು. ಉಳಿದದ್ದು ‘ಓಕೆ’ ಎಂಬ ಆ ಒಂದೇ ಪದ. ಅಷ್ಟು ಜಿಪುಣತನದಿಂದ ಬಳಸುತ್ತಿದ್ದ ಪದವನ್ನು ಈಗ ನೀರಿಗೂ ನೋವಿಗೂ ಹೇಳಬೇಕಾಯಿತು. ದೇವರ ಮೇಲೆ ಆಗ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ.

ಅವರ ಹೆಂಡತಿಯನ್ನು ನಾನು ಅಮ್ಮ ಅನ್ನುತ್ತೇನೆ. ಅಮ್ಮ ಆ ಪದವನ್ನು ಹೊಸದಾಗಿ ಕಲಿತರು. ಅವರು ಹಲಸೂರಿಗೆ ಮಾತ್ರೆ ತರಲು ಹೋದಾಗ ನಾನು ಪಕ್ಕದಲ್ಲಿ ಕೂರಬೇಕಲ್ಲ, ನನಗೂ ಕಲಿಸಿದರು.

“ಎಳೆದು ಹೇಳಿದ್ರೆ ನೀರು. ಪಟ್ ಅಂತ ಹೇಳಿದ್ರೆ ಮಗ್ಗುಲು ಬದಲಾಯಿಸ್ಬೇಕು. ಗಂಟಲಲ್ಲೇ ಹೇಳಿ ಗೋಡೆ ಕಡೆ ತಿರುಗಿದ್ರೆ, ಸಾಕು ಅಂತ. ಆಗ ಬಲವಂತ ಮಾಡ್ಬೇಡ.”

ನೀರು ಕೇಳಿದಾಗ ನಾನು ದಿಂಬು ಸರಿಪಡಿಸಲು ಹೋದರೆ ಅವರಿಗೆ ನಗು ಬರುತ್ತಿತ್ತು. ಅರ್ಧ ಮುಖದ ನಗು.

ಈ ವರ್ಷ ನುಂಗುವುದೂ ನಿಂತು ಆಸ್ಪತ್ರೆಗೆ ಸೇರಿಸಿದೆವು. ಆಹಾರ ಕೊಡಲು ಮೂಗಿಗೆ ಹಾಕಿದ ಟ್ಯೂಬನ್ನು ಎಡಗೈಯಿಂದ ಕಿತ್ತುಬಿಟ್ಟರು. ಡಾಕ್ಟರು ಬಾಗಿ, “ಮತ್ತೆ ಟ್ಯೂಬ್ ಹಾಕ್ತೀವಿ ಸಾರ್, ಓಕೆನಾ?” ಎಂದರು.

ಇವರು ಗಂಟಲಲ್ಲೇ “ಓಕೆ” ಅಂದು ಗೋಡೆ ಕಡೆ ತಿರುಗಿದರು.

“ಅದು ಹೂಂ ಅಲ್ಲ ಡಾಕ್ಟ್ರೇ,” ಅಮ್ಮ ಅಂದರು. “ಸಾಕು ಅಂತಿದಾರೆ.”

ಡಾಕ್ಟರು ನನ್ನತ್ತ ನೋಡಿದರು. “ನೀವೂ ಜೊತೆಗಿದ್ದೋರು. ನೀವ್ ಹೇಳಿ.”

ಹೂಂ ಅಂದುಬಿಟ್ಟರೆ ಇನ್ನಷ್ಟು ದಿನ ಇರುತ್ತಾರೆ. ಇರಲಿ ಎಂದೇ ನನ್ನ ಜೀವ ಬೇಡುತ್ತಿತ್ತು. ಆದರೆ ನಾನು ಕೇಳಿದ್ದು ಅಮ್ಮ ಕೇಳಿದ್ದನ್ನೇ.

“ಸಾಕ್ ಅನ್ಲಕತ್ತಾರ್ರಿ, ಸರ,” ಅಂದೆ.

ಮನೆಗೆ ಕರೆತಂದೆವು. ಆ ವಾರವೇ ತೀರಿಕೊಂಡರು.

ಈಗಲೂ ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಇದ್ದಕ್ಕಿದ್ದಂತೆ ಕೈ ನಿಲ್ಲಿಸುತ್ತಾರೆ. “ನಾವು ಸರಿಯಾಗೇ ಕೇಳಿಸ್ಕೊಂಡ್ವಾ?”

“ಹೌದ್ರಿ ಅಮ್ಮ,” ಅನ್ನುತ್ತೇನೆ, ತಡಮಾಡದೆ. ಅವರ ಓಕೆ ಬಲ್ಲವರು ನಾವಿಬ್ಬರೇ. ನಾನೂ ಅನುಮಾನಪಟ್ಟರೆ ಅಮ್ಮ ಇನ್ನು ಯಾರನ್ನು ಕೇಳಬೇಕು?